ನೆರೆಯ ನೆಟ್‌ವರ್ಕ್ ಮಿತಿ ಮೀರಿದಾಗ: ಬಿಜಿಪಿ ಪ್ರಿಫಿಕ್ಸ್ ಮಿತಿಯ ತೊಂದರೆ ಬಿಡಿಸುವ ಕ್ರಮ

ನಿನ್ನೆಯವರೆಗೆ ತಕರಾರಿಲ್ಲದೆ ನಿಂತಿದ್ದ ಬಿಜಿಪಿ ಸೆಷನ್ ಬಿದ್ದಿದೆ. (ಯಾವ ವಿಳಾಸಗಳನ್ನು ತಮ್ಮ ಮೂಲಕ ತಲುಪಬಹುದೆಂದು ನೆಟ್‌ವರ್ಕ್‌ಗಳು ಪರಸ್ಪರ ಹೇಳಿಕೊಳ್ಳುವ ಪ್ರೋಟೊಕಾಲ್ ಬಿಜಿಪಿ; ಅದಕ್ಕಾಗಿ ಎರಡು ರೂಟರುಗಳ ನಡುವೆ ಇರುವ ಸಂಪರ್ಕ ಸೆಷನ್.) ಪಿಂಗ್ ಹೋಗುತ್ತಿದೆ, ಫೈಬರ್‌ನ ಬೆಳಕಿನ ಮಟ್ಟ ಸರಿಯಿದೆ, ಪೋರ್ಟಿನಲ್ಲಿ ಎರರ್ ಎಣಿಕೆ ಸೊನ್ನೆ. ಆದರೂ ಸೆಷನ್ ಏಳುವುದಿಲ್ಲ. ಎದ್ದರೂ ಕೆಲವೇ ಸೆಕೆಂಡುಗಳಲ್ಲಿ ಮತ್ತೆ ಬೀಳುತ್ತದೆ. ಸಿಸ್ಕೊ ಐಓಎಸ್ ರೂಟರಾದರೆ ಬಿಜಿಪಿ ಸಮ್ಮರಿಯ ಕೊನೆಯ ಅಂಕಣದಲ್ಲಿ, ಬಂದ ಮಾರ್ಗಗಳ ಸಂಖ್ಯೆ ಕಾಣಬೇಕಾದ ಕಡೆ, ‘ಐಡಲ್’ ಎಂಬ ಪದವೂ ಅದರ ಪಕ್ಕದಲ್ಲೇ ‘ಪಿಎಫ್‌ಎಕ್ಸ್‌ಸಿಟಿ’ ಎಂಬ ಗುರುತೂ ಇರುತ್ತವೆ. ಈ ಗುರುತು ಕಂಡ ಮೇಲೆ ಕೇಬಲ್ ಹುಡುಕುತ್ತ ರ‍್ಯಾಕ್ ಹಿಂದೆ ಹೋಗಬೇಕಾಗಿಲ್ಲ. ಆ ನೆರೆಯವರಿಂದ ಇಷ್ಟೇ ಮಾರ್ಗಗಳು (ಪ್ರತಿ ಮಾರ್ಗಕ್ಕೂ ಒಂದು ಪ್ರಿಫಿಕ್ಸ್, ಅಂದರೆ ವಿಳಾಸಗಳ ಒಂದು ಗುಂಪು) ಬರಲಿ ಎಂದು ನಾವು ಹಾಕಿದ್ದ ಮಿತಿ ಮೀರಿದೆ, ರೂಟರ್ ತಾನಾಗಿ ಸಂಬಂಧ ಕಡಿದುಕೊಂಡಿದೆ.

ಈ ಮಿತಿಯನ್ನು ಕಿರಿಕಿರಿ ಎಂದು ಭಾವಿಸುವವರು ಹೆಚ್ಚು. ಬಿಜಿಪಿ ಮೂಲತಃ ಎದುರಿನವರು ಹೇಳಿದ್ದನ್ನು ನಂಬುವ ಪ್ರೋಟೊಕಾಲ್ ಎಂಬುದನ್ನು ನೆನಪಿಟ್ಟುಕೊಂಡರೆ ಆ ಅಸಹನೆ ಕಡಿಮೆಯಾಗುತ್ತದೆ. 2021ರ ಏಪ್ರಿಲ್ 16ರಂದು ವೊಡಾಫೋನ್ ಐಡಿಯಾದ ಎಎಸ್ 55410 (ಬಿಜಿಪಿಯಲ್ಲಿ ಆ ನೆಟ್‌ವರ್ಕ್‌ನ ಗುರುತು ಸಂಖ್ಯೆ) ತನ್ನದಲ್ಲದ 30,000ಕ್ಕೂ ಹೆಚ್ಚು ಪ್ರಿಫಿಕ್ಸ್‌ಗಳನ್ನು ತನ್ನವೆಂದು ಸಾರಿತು. 2019ರ ಜೂನ್ 24ರಂದು ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಕಂಪನಿಯ ನೆಟ್‌ವರ್ಕ್ ಮೂಲಕ ಸುಮಾರು 20,000 ಪ್ರಿಫಿಕ್ಸ್‌ಗಳು ವೆರಿಜಾನ್‌ಗೆ ಸೋರಿ, ಕ್ಲೌಡ್‌ಫ್ಲೇರ್ ಸೇರಿದಂತೆ ಅನೇಕರ ದಟ್ಟಣೆ ಸಣ್ಣ ಕೊಳವೆಯೊಳಗೆ ನುಗ್ಗಿತು. ಬೆರಳೆಣಿಕೆಯ ಮಾರ್ಗಗಳನ್ನಷ್ಟೇ ಕಳುಹಿಸಬೇಕಾದ ಗ್ರಾಹಕರ ಸೆಷನ್‌ಗೆ ನೂರರ ಮಿತಿ ಹಾಕಿದ್ದರೂ ಅಂಥ ಸೋರಿಕೆ ಬಾಗಿಲಲ್ಲೇ ನಿಲ್ಲುತ್ತದೆ. ಸೆಷನ್ ಬಿದ್ದದ್ದು ದೋಷದ ಲಕ್ಷಣ. ದೋಷ ಬೇರೆಲ್ಲೋ ಇದೆ. ಫ್ಯೂಸ್ ಹೋದಾಗಲೆಲ್ಲ ಇನ್ನಷ್ಟು ದಪ್ಪ ತಂತಿ ಸುತ್ತುವವರಂತೆ ಮಿತಿಯ ಕೊನೆಗೊಂದು ಸೊನ್ನೆ ಸೇರಿಸಿ ಎದ್ದುಹೋಗುವುದು ದುರಸ್ತಿಯಲ್ಲ.

ಕ್ಲಿಯರ್ ಕೊಡುವ ಮುನ್ನ ಲಾಗ್

ಮೊದಲ ಪ್ರಲೋಭನೆ ಸೆಷನ್ ಅನ್ನು ಕ್ಲಿಯರ್ ಮಾಡುವುದು, ಅಂದರೆ ಕಡಿದು ಹೊಸದಾಗಿ ಶುರುಮಾಡುವುದು. ಅದನ್ನು ತಡೆದುಕೊಳ್ಳಿ. ಕ್ಲಿಯರ್ ಕೊಟ್ಟರೆ ನೆರೆಯವರು ಎಲ್ಲ ಮಾರ್ಗಗಳನ್ನೂ ಮತ್ತೆ ಸುರಿಯುತ್ತಾರೆ, ಮಿತಿ ಮತ್ತೆ ಮೀರುತ್ತದೆ, ಜೊತೆಗೆ ಲಾಗ್ ಬಫರ್‌ನಲ್ಲಿದ್ದ ಹಳೆಯ ಸಾಲುಗಳು ಹೊಸ ಗದ್ದಲದ ಕೆಳಗೆ ಹೂತುಹೋಗುತ್ತವೆ. ನಮಗೆ ಬೇಕಾದದ್ದು ಆ ಹಳೆಯ ಸಾಲುಗಳೇ.

ಐಓಎಸ್ ಎರಡು ಬಗೆಯ ಸಂದೇಶ ಬರೆಯುತ್ತದೆ. ‘ಬಿಜಿಪಿ-4-ಮ್ಯಾಕ್ಸ್‌ಪಿಎಫ್‌ಎಕ್ಸ್’ ಎಂಬುದು ಎಚ್ಚರಿಕೆ; ನಾವು ಬೇರೆ ಹೇಳದಿದ್ದರೆ ಮಿತಿಯ ಶೇ. 75 ತಲುಪಿದಾಗ ಬರುತ್ತದೆ. ‘ಬಿಜಿಪಿ-3-ಮ್ಯಾಕ್ಸ್‌ಪಿಎಫ್‌ಎಕ್ಸ್‌ಎಕ್ಸೀಡ್’ ಎಂಬುದು ಮಿತಿ ದಾಟಿದ್ದಕ್ಕೆ. ಈ ಎರಡರ ನಡುವಿನ ಕಾಲಾವಧಿಯೇ ಅರ್ಧ ರೋಗನಿರ್ಣಯ. ಎಚ್ಚರಿಕೆ ವಾರಗಳ ಹಿಂದೆ ಬಂದು, ದಾಟಿದ ಸಂದೇಶ ಇಂದು ಬಂದಿದ್ದರೆ ನೆರೆಯವರು ಸಹಜವಾಗಿ ಬೆಳೆಯುತ್ತಿದ್ದಾರೆ, ನಾವು ಗಮನಿಸಿಲ್ಲ. ಎರಡೂ ಒಂದೇ ಸೆಕೆಂಡಿನಲ್ಲಿ ಬಂದಿದ್ದರೆ ಅದು ಬೆಳವಣಿಗೆಯಲ್ಲ, ಯಾರೋ ಗೇಟು ತೆರೆದಿದ್ದಾರೆ.

ಆದರೆ ಇಲ್ಲೊಂದು ಬಲೆ ಇದೆ. ಬೇರಾವುದೋ ಕಾರಣಕ್ಕೆ ಸೆಷನ್ ಬಿದ್ದು ಎದ್ದಿದ್ದರೆ, ಎಲ್ಲ ಮಾರ್ಗಗಳೂ ಮೊದಲಿನಿಂದ ಬರುವುದರಿಂದ ಸಹಜ ಬೆಳವಣಿಗೆಯಲ್ಲೂ ಎರಡು ಸಂದೇಶಗಳು ಅಕ್ಕಪಕ್ಕ ಬರುತ್ತವೆ. ಆದ್ದರಿಂದ ಅವುಗಳಿಗಿಂತ ಸ್ವಲ್ಪ ಹಿಂದೆ ‘ಅಪ್’ ಅಥವಾ ‘ಡೌನ್’ ಎಂಬ ಸಾಲು ಇದೆಯೇ ನೋಡಿ. ಇದ್ದರೆ ಇನ್ನೂ ಹಿಂದಿನ ಲಾಗ್ ಬೇಕು. ರೂಟರಿನ ಬಫರ್‌ನಲ್ಲಿ ಅದು ಸಿಗುವುದು ಅಪರೂಪ. ಲಾಗ್ ಸಾಲುಗಳನ್ನು ಬೇರೆಡೆ ಕೂಡಿಡುವ ಸಿಸ್‌ಲಾಗ್ ಸರ್ವರ್ ಇಟ್ಟುಕೊಂಡವರು ಆ ದಿನ ಸುಖವಾಗಿರುತ್ತಾರೆ.

ಕಡಿದವರು ಯಾರು?

ಬಿಜಿಪಿ ಸೆಷನ್ ಕಡಿಯುವವರು ಕಾರಣ ಹೇಳುವ ನೋಟಿಫಿಕೇಶನ್ ಸಂದೇಶ ಕಳುಹಿಸುತ್ತಾರೆ. ಮಿತಿ ಮೀರಿದ್ದಕ್ಕೆ ಬರುವ ಗುರುತು 6/1. ಆರು ಎಂದರೆ ‘ಸೀಸ್’, ಸಂಬಂಧ ನಿಲ್ಲಿಸುತ್ತಿದ್ದೇವೆ ಎಂದು. ಒಂದು ಎಂದರೆ ಪ್ರಿಫಿಕ್ಸ್‌ಗಳ ಗರಿಷ್ಠ ಸಂಖ್ಯೆ ತಲುಪಿತು ಎಂದು. 2006ರ ಆರ್‌ಎಫ್‌ಸಿ 4486 (ಅಂತರ್ಜಾಲದ ಮಾನದಂಡ ದಾಖಲೆ) ಈ ಉಪಸಂಕೇತಗಳನ್ನು ಗೊತ್ತುಮಾಡಿತು. 6/2 ಕಂಡರೆ ಆ ಕಡೆಯ ಆಡಳಿತಗಾರರೇ ಸೆಷನ್ ಮುಚ್ಚಿದ್ದಾರೆ. ಈ ಕೈಪಿಡಿ ನಿಮಗೆ ಬೇಕಿಲ್ಲ, ಅವರಿಗೆ ಫೋನ್ ಮಾಡಿ.

ಲಾಗ್‌ನಲ್ಲಿ 6/1ರ ಹಿಂದೆ ‘ಸೆಂಟ್’ ಎಂದಿದೆಯೋ ‘ರಿಸೀವ್ಡ್’ ಎಂದಿದೆಯೋ ನೋಡಿ. ಕಳುಹಿಸಿದ್ದು ನಾವಾದರೆ ಅವರು ಹೆಚ್ಚು ಕೊಟ್ಟಿದ್ದಾರೆ. ಬಂದದ್ದಾದರೆ ನಾವೇ ಹೆಚ್ಚು ಕೊಟ್ಟಿದ್ದೇವೆ, ಬಾಗಿಲು ಹಾಕಿಕೊಂಡವರು ಅವರು. ಇಷ್ಟು ಸರಳವಾದ ಸಂಗತಿಯನ್ನು ನೋಡದೆ ನಮ್ಮ ರೂಟರಿನಲ್ಲಿ ನಮ್ಮ ಮಿತಿಯನ್ನು ಎಷ್ಟು ಏರಿಸಿದರೂ ಸೆಷನ್ ಏಳದೆಂದು ತಲೆ ಚಚ್ಚಿಕೊಳ್ಳುವುದು ಈ ಕೆಲಸದಲ್ಲಿ ಮಾಮೂಲು.

ಬಂದದ್ದಾದರೆ ಆ ಸಂದೇಶದ ಬಾಲದಲ್ಲಿ ಇನ್ನೊಂದು ಉಪಕಾರ ಇರುತ್ತದೆ. ಅನೇಕ ರೂಟರುಗಳು 6/1ರ ಜೊತೆ ಏಳು ಬೈಟ್ ದತ್ತಾಂಶ ಕಳುಹಿಸುತ್ತವೆ: ಮೊದಲ ಎರಡು ಬೈಟ್ ವಿಳಾಸ ಕುಟುಂಬ, ಮುಂದಿನ ಒಂದು ಅದರ ಉಪಬಗೆ, ಉಳಿದ ನಾಲ್ಕು ಅವರು ಹಾಕಿರುವ ಮಿತಿ. ಉದಾಹರಣೆಗೆ 00 01 01 00 00 02 58 ಎಂದಿದ್ದರೆ ಐಪಿವಿ4, ಯುನಿಕಾಸ್ಟ್, ಮಿತಿ ಹದಿನಾರರ ಮೂಲಮಾನದಲ್ಲಿ 258, ಅಂದರೆ ನಮ್ಮ ಲೆಕ್ಕದಲ್ಲಿ 600. ಮೊದಲ ಎರಡು ಬೈಟ್ 00 02 ಆಗಿದ್ದರೆ ಐಪಿವಿ6. ಅವರ ನೆಟ್‌ವರ್ಕ್ ನಿಗಾ ಕೇಂದ್ರದವರು (ಎನ್‌ಒಸಿ) ಫೋನ್ ಎತ್ತುವ ಮುಂಚೆಯೇ ಅವರ ಮಿತಿ ನಮಗೆ ಗೊತ್ತಾಯಿತು. ಈ ದತ್ತಾಂಶ ಐಚ್ಛಿಕವಾದ್ದರಿಂದ ಎಲ್ಲರೂ ಕಳುಹಿಸುವುದಿಲ್ಲ.

ಈಗ ಆ ನೆರೆಯವರಿಗೆ ಹೋಗಬೇಕಾದ ನಮ್ಮ ಮಾರ್ಗಗಳನ್ನು ಎಣಿಸಿ. ಐವತ್ತು ಹೋಗಬೇಕಾದಲ್ಲಿ ಲಕ್ಷಗಳು ಹೋಗಿದ್ದರೆ ಹೊರಹೋಗುವ ಫಿಲ್ಟರ್ ಕಳಚಿದೆ. ಐಓಎಸ್‌ನಲ್ಲಿ ಇದಕ್ಕೊಂದು ಹಳೆಯ ದಾರಿ ಇದೆ: ನೆರೆಯವರಿಗೆ ಕಟ್ಟಿದ ಪ್ರಿಫಿಕ್ಸ್-ಲಿಸ್ಟ್‌ನ ಹೆಸರಿನಲ್ಲಿ ಒಂದಕ್ಷರ ತಪ್ಪಿ, ಆ ಹೆಸರಿನ ಪಟ್ಟಿಯೇ ಇಲ್ಲದಿದ್ದರೆ, ರೂಟರ್ ದೂರುವುದಿಲ್ಲ, ಎಲ್ಲವನ್ನೂ ಬಿಟ್ಟುಬಿಡುತ್ತದೆ. ಪಾಲಿಸಿಯೇ ಇಲ್ಲದ ಹೊರಗಿನ ಸೆಷನ್‌ನಲ್ಲಿ ಏನನ್ನೂ ಕೊಡಬೇಡ, ಏನನ್ನೂ ಕೊಳ್ಳಬೇಡ ಎಂದು 2017ರ ಆರ್‌ಎಫ್‌ಸಿ 8212 ಹೇಳಿದ್ದು ಇಂಥ ಮೌನಗಳ ಕಾರಣಕ್ಕೇ. ಸಿಸ್ಕೊ ಐಓಎಸ್ ಎಕ್ಸ್‌ಆರ್ ಮತ್ತು ಇತ್ತೀಚಿನ ಎಫ್‌ಆರ್‌ಆರ್ (ಮುಕ್ತ ರೂಟಿಂಗ್ ತಂತ್ರಾಂಶ) ಹಾಗೆಯೇ ನಡೆದುಕೊಳ್ಳುತ್ತವೆ. ಬರ್ಡ್ ಎಂಬ ಇನ್ನೊಂದು ಮುಕ್ತ ತಂತ್ರಾಂಶ ಹಾಗೂ ಎಫ್‌ಆರ್‌ಆರ್‌ನಲ್ಲಿ ಹೊರಹೋಗುವ ಮಾರ್ಗಗಳಿಗೂ ಮಿತಿ ಹಾಕಬಹುದು. ನೆರೆಯವರು ನಮ್ಮನ್ನು ಕಡಿಯುವ ಮುನ್ನ ನಾವೇ ನಮ್ಮನ್ನು ತಡೆಯುವ ಈ ಸೌಲಭ್ಯವನ್ನು ಬಳಸುವವರು ಕಡಿಮೆ, ಬಳಸಬೇಕು.

ಲೆಕ್ಕ ನ್ಯಾಯವಾಗಿಯೇ ಬೆಳೆದಿದ್ದರೆ, ಹೊಸ ಗ್ರಾಹಕರು ಬಂದು ಅರವತ್ತಿದ್ದದ್ದು ನೂರಾಗಿದ್ದರೆ, ನೆಟ್‌ವರ್ಕ್‌ಗಳು ತಮ್ಮ ವಿವರ ಬರೆದಿಡುವ ಸಾರ್ವಜನಿಕ ತಾಣ ಪೀರಿಂಗ್‌ಡಿಬಿಯಲ್ಲಿ ನಿಮ್ಮ ಎಎಸ್ ಪುಟ ತೆರೆಯಿರಿ. ಅಲ್ಲಿ ಐಪಿವಿ4 ಮತ್ತು ಐಪಿವಿ6 ಪ್ರಿಫಿಕ್ಸ್ ಎಂಬ ಎರಡು ಖಾನೆಗಳಿವೆ: ಇತರರು ನಮ್ಮ ಸೆಷನ್‌ಗೆ ಹಾಕಿಕೊಳ್ಳಬೇಕಾದ ಗರಿಷ್ಠ ಮಿತಿಯನ್ನು ನಾವೇ ಸೂಚಿಸುವ ಜಾಗ. ಅನೇಕ ಎಕ್ಸ್‌ಚೇಂಜ್‌ಗಳ (ನೆಟ್‌ವರ್ಕ್‌ಗಳು ಪರಸ್ಪರ ಕೂಡುವ ತಾಣಗಳು) ರೂಟ್ ಸರ್ವರ್‌ಗಳೂ ದೊಡ್ಡ ಕಂಟೆಂಟ್ ಕಂಪನಿಗಳೂ ಅದನ್ನು ಯಂತ್ರದಿಂದಲೇ ಓದಿ ಮಿತಿ ಹಾಕುತ್ತವೆ. ಕಂಪನಿ ಶುರುವಾದಾಗ ತುಂಬಿದ ಸಂಖ್ಯೆ ಅಲ್ಲೇ ಕೂತಿದ್ದರೆ ಒಂದೇ ದಿನ ಹಲವು ಪೀರ್‌ಗಳ (ನೆರೆಯವರ) ಸೆಷನ್‌ಗಳು ಒಟ್ಟಿಗೆ ಬೀಳುತ್ತವೆ. ಸಂಬಂಧವಿಲ್ಲದ ಹಲವು ನೆರೆಯವರಿಂದ ಒಂದೇ ಹೊತ್ತಿಗೆ 6/1 ಬಂದರೆ ಮೊದಲು ನೋಡಬೇಕಾದದ್ದು ಈ ಪುಟ.

ರೂಟರ್ ಎಣಿಸುತ್ತಿರುವುದು ಯಾವುದನ್ನು?

ಕಡಿದವರು ನಾವೇ ಎಂದಾದರೆ, ಮಿತಿಗೆ ಸಿಕ್ಕಿದ್ದು ಯಾವ ಲೆಕ್ಕ ಎಂಬ ಪ್ರಶ್ನೆ ಏಳುತ್ತದೆ. ನೆರೆಯವರು ಕಳುಹಿಸಿದ ಎಲ್ಲವೂ ಒಂದು ಲೆಕ್ಕ, ನಮ್ಮ ಫಿಲ್ಟರ್ ದಾಟಿ ಒಳಬಂದವು ಇನ್ನೊಂದು. ಯಾವುದನ್ನು ಎಣಿಸಬೇಕೆಂಬುದರಲ್ಲಿ ರೂಟರ್ ತಯಾರಕರಲ್ಲಿ ಒಮ್ಮತವಿಲ್ಲ.

ಸಿಸ್ಕೊ ಐಓಎಸ್ ಮತ್ತು ಎಕ್ಸ್‌ಆರ್‌ನ ‘ಮ್ಯಾಕ್ಸಿಮಮ್-ಪ್ರಿಫಿಕ್ಸ್’ ಫಿಲ್ಟರ್ ದಾಟಿದವನ್ನು ಎಣಿಸುತ್ತದೆ. ಜೂನಿಪರ್‌ನ ‘ಪ್ರಿಫಿಕ್ಸ್-ಲಿಮಿಟ್’ ಬಂದದ್ದೆಲ್ಲವನ್ನೂ ಎಣಿಸುತ್ತದೆ. ದಾಟಿದವನ್ನು ಮಾತ್ರ ಎಣಿಸಲು ‘ಅಕ್ಸೆಪ್ಟೆಡ್-ಪ್ರಿಫಿಕ್ಸ್-ಲಿಮಿಟ್’ ಬೇರೆಯೇ ಇದೆ. ಅರಿಸ್ಟಾದಲ್ಲಿ ‘ಮ್ಯಾಕ್ಸಿಮಮ್-ರೂಟ್ಸ್’ ಮತ್ತು ‘ಮ್ಯಾಕ್ಸಿಮಮ್-ಅಕ್ಸೆಪ್ಟೆಡ್-ರೂಟ್ಸ್’, ಬರ್ಡ್‌ನಲ್ಲಿ ‘ರಿಸೀವ್ ಲಿಮಿಟ್’ ಮತ್ತು ‘ಇಂಪೋರ್ಟ್ ಲಿಮಿಟ್’ ಇದೇ ಜೋಡಿ. ಎಫ್‌ಆರ್‌ಆರ್ ಸಾಮಾನ್ಯವಾಗಿ ದಾಟಿದವನ್ನು ಎಣಿಸುತ್ತದೆ, ‘ಫೋರ್ಸ್’ ಸೇರಿಸಿದರೆ ಎಲ್ಲವನ್ನೂ.

ಇದರ ಪರಿಣಾಮ ಕಾಣುವುದು ರೂಟರ್ ಬದಲಿಸಿದ ರಾತ್ರಿ. ನೆರೆಯವರು 1,800 ಮಾರ್ಗ ಕಳುಹಿಸುತ್ತಾರೆ, ನಾವು 300 ಇಟ್ಟುಕೊಳ್ಳುತ್ತೇವೆ, ಸಿಸ್ಕೊದಲ್ಲಿ ಮಿತಿ 500 ಇತ್ತು ಎಂದುಕೊಳ್ಳಿ. ಅದೇ 500 ಅನ್ನು ಜೂನಿಪರ್‌ನ ‘ಪ್ರಿಫಿಕ್ಸ್-ಲಿಮಿಟ್’ಗೆ, ಸೆಷನ್ ಕಡಿಯಲು ಹೇಳುವ ‘ಟಿಯರ್‌ಡೌನ್’ ಸಹಿತ, ನಕಲು ಮಾಡಿದರೆ ಸೆಷನ್ ಏಳುತ್ತಲೇ ಬೀಳುತ್ತದೆ. ಯಾರೂ ಏನನ್ನೂ ಸೋರಿಸಿಲ್ಲ. ತಕ್ಕಡಿ ಬದಲಾಗಿದೆ ಅಷ್ಟೆ.

ನಾವು ಹಾಕದ ಮಿತಿಗಳೂ ಇವೆ. ಅರಿಸ್ಟಾ ರೂಟರಿನಲ್ಲಿ ಏನೂ ಬರೆಯದಿದ್ದರೆ ಪ್ರತಿ ನೆರೆಯವರಿಗೆ 12,000 ಮಾರ್ಗಗಳ ಮಿತಿ ತಾನಾಗಿ ಇರುತ್ತದೆ. ಹೊಸ ಪೆಟ್ಟಿಗೆಗೆ ಪೂರ್ಣ ಟೇಬಲ್ (ಇಡೀ ಇಂಟರ್ನೆಟ್‌ನ ಮಾರ್ಗಪಟ್ಟಿ) ಕೊಡುವ ಅಪ್‌ಸ್ಟ್ರೀಮ್ (ನಮಗೆ ಇಂಟರ್ನೆಟ್ ಒದಗಿಸುವ ಮೇಲಿನ ನೆಟ್‌ವರ್ಕ್) ಜೋಡಿಸಿದ ಮೊದಲ ದಿನವೇ ಅದು ಪರಿಚಯ ಮಾಡಿಕೊಳ್ಳುತ್ತದೆ. ಎಕ್ಸ್‌ಆರ್‌ನಲ್ಲಿ ಐಪಿವಿ4ಗೆ ಹಳೆಯ ಆವೃತ್ತಿಗಳಲ್ಲಿ 5,24,288, ನಂತರದವುಗಳಲ್ಲಿ 10,48,576 ಎಂಬ ಮೌನ ಮಿತಿ ಇದೆ. ಕಾನ್ಫಿಗರೇಶನ್‌ನಲ್ಲಿ ಮಿತಿಯ ಸಾಲೇ ಇಲ್ಲ, ಹಾಗಾಗಿ ಇದು ಮಿತಿಯ ತೊಂದರೆಯಲ್ಲ ಎಂದು ತೀರ್ಮಾನಿಸುವ ಮೊದಲು ಆ ನೆರೆಯವರ ಪೂರ್ಣ ವಿವರ ತೆರೆದು ಜಾರಿಯಲ್ಲಿರುವ ಸಂಖ್ಯೆಯನ್ನು ಕಣ್ಣಾರೆ ಓದಿ.

ಇನ್ನೊಂದು ಮಾತು. ಐಪಿವಿ4, ಐಪಿವಿ6 ಎರಡನ್ನೂ ಒಂದೇ ಸೆಷನ್‌ನಲ್ಲಿ ಸಾಗಿಸುತ್ತಿದ್ದರೆ, ಐಪಿವಿ6 ಮಿತಿ ಮೀರಿದರೂ ಐಪಿವಿ4 ಜೊತೆಗೇ ಮುಳುಗುತ್ತದೆ. ಐಪಿವಿ4 ಲೆಕ್ಕ ಎಷ್ಟು ಸಲ ನೋಡಿದರೂ ಸರಿಯಿದೆ ಎಂದಾಗ ಮತ್ತೊಂದು ಕುಟುಂಬವನ್ನು ನೋಡಿ.

ಹೆಚ್ಚಾದ ಮಾರ್ಗಗಳನ್ನು ನೋಡುವುದು

ಸೆಷನ್ ಬಿದ್ದ ಮೇಲೆ ಅದರಲ್ಲಿ ಬಂದಿದ್ದ ಮಾರ್ಗಗಳು ಅಳಿಸಿಹೋಗಿರುತ್ತವೆ, ಸಾಕ್ಷ್ಯ ನಮ್ಮ ಕೈಯಲ್ಲಿರುವುದಿಲ್ಲ. ರೂಟರಿಗೆ ಬಂದ ಬಿಜಿಪಿ ಮಾಹಿತಿಯನ್ನು ಕೂಡಿಡುವ ಬಿಎಂಪಿ ಸಂಗ್ರಾಹಕ ಇಟ್ಟುಕೊಂಡಿದ್ದರೆ ಬಂದದ್ದೆಲ್ಲ ಅಲ್ಲಿ ದಾಖಲಾಗಿರುತ್ತದೆ. ಇಲ್ಲದಿದ್ದರೆ ಹೊರಗಿನಿಂದ ನೋಡಬೇಕು. ಜಗತ್ತಿನ ಬಿಜಿಪಿ ಮಾರ್ಗಗಳನ್ನು ದಾಖಲಿಸುವ ರೈಪ್‌ಸ್ಟ್ಯಾಟ್, ರೂಟ್‌ವ್ಯೂಸ್, ನೆರೆಯವರ ಅಥವಾ ಅವರ ಅಪ್‌ಸ್ಟ್ರೀಮ್‌ನ ಲುಕಿಂಗ್ ಗ್ಲಾಸ್ (ಅವರ ರೂಟರಿನ ಮಾರ್ಗಗಳನ್ನು ಹೊರಗಿನವರಿಗೆ ತೋರಿಸುವ ಪುಟ), ಇವುಗಳಲ್ಲಿ ಆ ಎಎಸ್ ಸಂಖ್ಯೆಯನ್ನು ಹಾಕಿ ಕಳೆದ ಕೆಲವು ದಿನಗಳಲ್ಲಿ ಅದು ಸಾರಿದ ಪ್ರಿಫಿಕ್ಸ್‌ಗಳ ಲೆಕ್ಕ ಹೇಗೆ ಏರಿದೆ ನೋಡಿ.

ಅಷ್ಟರಿಂದ ಸ್ಪಷ್ಟವಾಗದಿದ್ದರೆ ಸೆಷನ್ ಅನ್ನು ಕಟ್ಟುಪಾಡಿನೊಳಗೆ ಎಬ್ಬಿಸಬಹುದು. ಒಳಬರುವ ಪಾಲಿಸಿಯಲ್ಲಿ ಎಲ್ಲವನ್ನೂ ನಿರಾಕರಿಸಿ. ಹೊರಹೋಗುವ ಪಾಲಿಸಿಯಲ್ಲಿ ಏನನ್ನೂ ಕೊಡಬೇಡಿ. ಜೂನಿಪರ್‌ನಲ್ಲಿ ಬಂದದ್ದೆಲ್ಲ ಎಣಿಕೆಯಾಗುವುದರಿಂದ ಮಿತಿಯನ್ನು ತಾತ್ಕಾಲಿಕವಾಗಿ ಏರಿಸಬೇಕು. ನಿರಾಕರಿಸಿದ ಮಾರ್ಗಗಳು ‘ಹಿಡನ್’ ಎಂದು ಉಳಿಯುತ್ತವೆ, ಆರಾಮವಾಗಿ ಓದಬಹುದು. ಸಿಸ್ಕೊ ಐಓಎಸ್‌ನಲ್ಲಿ ‘ಸಾಫ್ಟ್-ರೀಕಾನ್ಫಿಗರೇಶನ್ ಇನ್‌ಬೌಂಡ್’ ಹಾಕಿದರೆ ಮಾತ್ರ ನಿರಾಕರಿಸಿದವು ಕಾಣುತ್ತವೆ. ಪೂರ್ಣ ಟೇಬಲ್ ಬರುವ ಸಾಧ್ಯತೆ ಇದ್ದರೆ ಮೊದಲು ಮೆಮೊರಿ ನೋಡಿಕೊಳ್ಳಿ. ಹಳೆಯ ಸಣ್ಣ ರೂಟರ್ ಈ ತನಿಖೆಯಲ್ಲೇ ಉಸಿರು ಬಿಟ್ಟೀತು.

ಮಾರ್ಗಗಳು ಕೈಗೆ ಸಿಕ್ಕ ಮೇಲೆ ಓದಬೇಕಾದದ್ದು ಎಎಸ್ ಪಾಥ್, ಅಂದರೆ ಮಾರ್ಗ ಹಾದುಬಂದ ನೆಟ್‌ವರ್ಕ್‌ಗಳ ಎಎಸ್ ಸಂಖ್ಯೆಗಳ ಸಾಲು. ಎಡತುದಿಯಲ್ಲಿ ನೆರೆಯವರು, ಬಲತುದಿಯಲ್ಲಿ ಮಾರ್ಗದ ಮೂಲ. ನಮ್ಮ ನೆರೆಯವರು ಜಿಲ್ಲಾ ಮಟ್ಟದ ಸಣ್ಣ ಐಎಸ್‌ಪಿ ಎಂದುಕೊಳ್ಳಿ. ಅವರ ಸಂಖ್ಯೆಯ ಪಕ್ಕದಲ್ಲೇ ಟಾಟಾದ 6453, ಏರ್‌ಟೆಲ್‌ನ 9498 ಅಥವಾ ಲೆವೆಲ್ 3ರ 3356 ಕಂಡರೆ ಹೆಚ್ಚು ಯೋಚಿಸಬೇಕಾಗಿಲ್ಲ. ಇಂಥ ದೊಡ್ಡ ಜಾಲಗಳಿಗೆ ಹೋಗಲು ಆ ಸಣ್ಣ ಐಎಸ್‌ಪಿ ನಮಗೆ ದಾರಿಯಾಗುವ ಕಾರಣವೇ ಇಲ್ಲ; ತಮ್ಮ ಅಪ್‌ಸ್ಟ್ರೀಮ್ ಕೊಟ್ಟ ಟೇಬಲ್ ಅನ್ನು ಅವರು ನಮಗೆ ದಾಟಿಸಿದ್ದಾರೆ. ಎರಡನೇ ಅಪ್‌ಸ್ಟ್ರೀಮ್ ತೆಗೆದುಕೊಂಡ ದಿನ ಇದು ಆಗುವುದು ಹೆಚ್ಚು: ಹೊಸ ಸೆಷನ್ ಏಳುತ್ತದೆ, ಹಳೆಯ ಫಿಲ್ಟರ್ ಅದನ್ನು ಕಲ್ಪಿಸಿಕೊಂಡಿರುವುದಿಲ್ಲ. ಆ ಕಡೆಯಿಂದ ಬರುವ ಫೋನ್ ಕರೆಯ ಧಾಟಿಯೂ ಪರಿಚಿತವೇ: “ಸರ್, ನಿಮ್ಮ ಲಿಂಕ್ ಡೌನ್ ಆಗಿದೆ, ಮಿತಿ ಸ್ವಲ್ಪ ಹೆಚ್ಚಿಸಿ ಕೊಡಿ.” ಹೆಚ್ಚಿಸಬೇಡಿ. ಅವರಿಗೆ ನಾಲ್ಕು ಎಎಸ್ ಪಾಥ್‌ಗಳನ್ನು ನಕಲು ಮಾಡಿ ಕಳುಹಿಸಿ, ಹೊರಹೋಗುವ ಫಿಲ್ಟರ್ ಸರಿಪಡಿಸಿದ ಮೇಲೆ ಎಬ್ಬಿಸುತ್ತೇವೆ ಎಂದು ಹೇಳಿ.

ಪಾಥ್‌ಗಳೆಲ್ಲ ಚಿಕ್ಕವಾಗಿದ್ದು, ಮೂಲಗಳು ನೆರೆಯವರೋ ಅವರ ಗ್ರಾಹಕರೋ ಆಗಿದ್ದರೆ ಪ್ರಿಫಿಕ್ಸ್‌ಗಳ ಉದ್ದ (‘/’ ಗುರುತಿನ ನಂತರದ ಸಂಖ್ಯೆ; ಅದು ಹೆಚ್ಚಿದಷ್ಟೂ ವಿಳಾಸಗಳ ಗುಂಪು ಚಿಕ್ಕದು) ನೋಡಿ. ಒಂದು /20 ಅನ್ನು /24ಗಳಾಗಿ ಒಡೆದರೆ ಹದಿನಾರು ತುಂಡು, ಮೂಲದ ಜೊತೆಗೆ ಹದಿನೇಳು ಮಾರ್ಗ. ಡಿಡಾಸ್ ದಾಳಿ ತಡೆಯುವ ಸೇವೆಗಾಗಿಯೋ, ಒಳಬರುವ ದಟ್ಟಣೆಯನ್ನು ಎರಡು ಲಿಂಕ್‌ಗಳಿಗೆ ಹಂಚಲೋ ಹೀಗೆ ಒಡೆಯುತ್ತಾರೆ. ವಿಳಾಸಗಳ ಒಟ್ಟು ಮೊತ್ತ ಹಾಗೆಯೇ ಇದ್ದು ಸಾಲುಗಳು ಮಾತ್ರ ಹೆಚ್ಚಿವೆ. ಇದು ಸೋರಿಕೆಯಲ್ಲ. ಎಷ್ಟು ದಿನ ಒಡೆದಿಡುತ್ತೀರಿ ಎಂದು ಕೇಳಿ, ಉತ್ತರ ನೋಡಿ ಮಿತಿ ಏರಿಸಿ. /32ಗಳ ಹಿಂಡು ಕಂಡರೆ ಅವು ಬಹುಶಃ ಬ್ಲ್ಯಾಕ್‌ಹೋಲ್ ಮಾರ್ಗಗಳು (ದಾಳಿಗೊಳಗಾದ ವಿಳಾಸಕ್ಕೆ ಹೋಗುವ ದಟ್ಟಣೆಯನ್ನು ಬಿಸಾಡಲು ಹೇಳುವವು); ದಾಳಿಯ ನಡುವೆ ಅವು ಮಿತಿಯನ್ನು ತುಂಬಿಸಿ ಸೆಷನ್ ಬೀಳಿಸಿದರೆ ದಾಳಿ ಮಾಡಿದವನಿಗೆ ನಾವೇ ಕೈಜೋಡಿಸಿದಂತೆ. ನಾವು ಬ್ಲ್ಯಾಕ್‌ಹೋಲ್ ಸೇವೆ ಕೊಟ್ಟಿರುವ ಗ್ರಾಹಕರ ಸೆಷನ್‌ಗೆ ಹೆಚ್ಚುವರಿ ಜಾಗ ಮೊದಲೇ ಇಟ್ಟಿರಿ.

ಪಾಥ್ ಚಿಕ್ಕದು, ಮೂಲ ನೆರೆಯವರೇ, ಆದರೆ ವಿಳಾಸಗಳು ಅವರವಲ್ಲ ಎಂದಾದರೆ ಅದು ಎಲ್ಲಕ್ಕಿಂತ ಗಂಭೀರ. ವೊಡಾಫೋನ್ ಐಡಿಯಾ ಪ್ರಸಂಗ ಈ ಜಾತಿಯದು. ಆರ್‌ಪಿಕೆಐ ಪರಿಶೀಲನೆ (ಯಾವ ವಿಳಾಸವನ್ನು ಸಾರುವ ಹಕ್ಕು ಯಾರಿಗಿದೆ ಎಂಬ ತಪಾಸಣೆ) ಇರುವ ಕಡೆ ಇವುಗಳಲ್ಲಿ ಅನೇಕವು ‘ಇನ್‌ವ್ಯಾಲಿಡ್’ ಎಂದು ಕಾಣುತ್ತವೆ. ಸೆಷನ್ ಬಿದ್ದೇ ಇರಲಿ, ನೆರೆಯವರನ್ನು ಫೋನಿನಲ್ಲಿ ಹಿಡಿಯಿರಿ, ಇಮೇಲ್ ಸಾಲದು.

ಮಿತಿ ಮೀರದ ಸೋರಿಕೆಯೂ ಇರುತ್ತದೆ. 2008ರ ಫೆಬ್ರವರಿ 24ರಂದು ಪಾಕಿಸ್ತಾನ ಟೆಲಿಕಾಂ ಯೂಟ್ಯೂಬ್ ಅನ್ನು ಜಗತ್ತಿನ ಬಹುಭಾಗಕ್ಕೆ ಮರೆಯಾಗಿಸಿದ್ದು ಒಂದೇ ಒಂದು /24ರಿಂದ. ಮಿತಿ ಎಣಿಸಬಲ್ಲದು, ಗುರುತಿಸಲಾರದು. ಗ್ರಾಹಕರ ಸೆಷನ್‌ಗೆ ಪ್ರಿಫಿಕ್ಸ್ ಫಿಲ್ಟರ್ ಹಾಕದೆ ಮಿತಿಯೊಂದನ್ನೇ ನಂಬಿರುವ ರೂಟರುಗಳನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ.

ಅಪ್‌ಸ್ಟ್ರೀಮ್ ಲೆಕ್ಕ ಬೇರೆ

ಪೂರ್ಣ ಟೇಬಲ್ ಕೊಡುವ ಅಪ್‌ಸ್ಟ್ರೀಮ್ ಸೆಷನ್ ಮಿತಿಗೆ ಸಿಕ್ಕಿ ಬಿದ್ದರೆ ಹೆಚ್ಚಿನ ಬಾರಿ ತಪ್ಪು ಯಾರದೂ ಅಲ್ಲ, ಇಂಟರ್ನೆಟ್ ಬೆಳೆದಿದೆ. ಐಪಿವಿ4 ಟೇಬಲ್ ಈಗ ಹತ್ತು ಲಕ್ಷದ ಆಸುಪಾಸಿನಲ್ಲಿದೆ, ಐಪಿವಿ6 ಎರಡು ಲಕ್ಷ ದಾಟಿದೆ. ಹಿಂದೆ ಯಾರೋ ದುಂಡಗೆ ಬರೆದಿಟ್ಟ ಹತ್ತು ಲಕ್ಷದ ಮಿತಿ ಈಗ ಕಾಲಕ್ಕೆ ಕಾದಿರುವ ಬಾಂಬು. ಎಕ್ಸ್‌ಆರ್‌ನ 10,48,576 ಕೂಡ ದೂರದಲ್ಲಿಲ್ಲ.

ಇಲ್ಲಿ ಶೇ. 75ರ ಎಚ್ಚರಿಕೆಯೂ ಕೆಲಸಕ್ಕೆ ಬಾರದು. ಮಿತಿ 12,50,000 ಎಂದಿಟ್ಟರೆ ಎಚ್ಚರಿಕೆ 9,37,500ಕ್ಕೆ. ಅಂದರೆ ಹಾಕಿದ ದಿನದಿಂದಲೇ ಕೂಗುತ್ತಿರುತ್ತದೆ, ಸದಾ ಕೂಗುವುದನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ. ಶೇ. 90ಕ್ಕೆ ಬದಲಿಸಿದರೆ 11,25,000ಕ್ಕೆ ಬರುವ ಕೂಗಿಗೆ ಅರ್ಥವಿರುತ್ತದೆ.

ಮಿತಿ ಏರಿಸುವ ಮುನ್ನ ಹಾರ್ಡ್‌ವೇರ್ ಎಷ್ಟು ಹೊರಬಲ್ಲದು ನೋಡಿ. 2014ರ ಆಗಸ್ಟ್ 12ರಂದು ಟೇಬಲ್ 5,12,000 ದಾಟಿದಾಗ ಸಿಸ್ಕೊದ 6500 ಮತ್ತು 7600 ಸರಣಿಯ ಅನೇಕ ಪೆಟ್ಟಿಗೆಗಳು ತತ್ತರಿಸಿದ್ದು ಮೆಮೊರಿ ಕಡಿಮೆಯಾಗಿ ಅಲ್ಲ. ಫಾರ್ವರ್ಡಿಂಗ್ ಟೇಬಲ್‌ನಲ್ಲಿ ಐಪಿವಿ4ಗೆಂದು ಹಂಚಿದ್ದ ಜಾಗ ಅಷ್ಟೇ ಇತ್ತು. ನಿಮ್ಮ ಮಿತಿ ಆ ಸಾಮರ್ಥ್ಯಕ್ಕಿಂತ ಕೆಳಗಿರಬೇಕು. ಹಾಗೆ ಇಡಲು ಜಾಗವೇ ಇಲ್ಲವಾದರೆ ಪೂರ್ಣ ಟೇಬಲ್ ಬಿಟ್ಟು ಡಿಫಾಲ್ಟ್ ಮಾರ್ಗ ಮತ್ತು ಹತ್ತಿರದ ಮಾರ್ಗಗಳನ್ನಷ್ಟೇ ತೆಗೆದುಕೊಳ್ಳಿ. ಒಂದೆರಡು ಅಪ್‌ಸ್ಟ್ರೀಮ್ ಇರುವ ಸಣ್ಣ ಐಎಸ್‌ಪಿಗೆ ಇದರಿಂದ ನಷ್ಟವೇನಿಲ್ಲ.

ಮರಳಿ ಎಬ್ಬಿಸುವಾಗ

ಕಾರಣ ಸರಿಹೋಗಿದ್ದರೆ ಈಗ ಕ್ಲಿಯರ್ ಕೊಡಬಹುದು. ಐಓಎಸ್‌ನಲ್ಲಿ ‘ರೀಸ್ಟಾರ್ಟ್’ ಹಾಕಿರದಿದ್ದರೆ ಕೈಯಾರೆ ಕೊಡುವವರೆಗೆ ಸೆಷನ್ ಮಲಗೇ ಇರುತ್ತದೆ. ಜೂನಿಪರ್ ತದ್ವಿರುದ್ಧ: ‘ಟಿಯರ್‌ಡೌನ್’ ಬರೆಯದಿದ್ದರೆ ಬರೀ ಲಾಗ್ ಬರೆದು ಸುಮ್ಮನಾಗುತ್ತದೆ, ‘ಟಿಯರ್‌ಡೌನ್’ ಇದ್ದು ‘ಐಡಲ್-ಟೈಮೌಟ್’ ಇಲ್ಲದಿದ್ದರೆ ಸ್ವಲ್ಪ ಹೊತ್ತಿನಲ್ಲೇ ಎದ್ದು, ಮಿತಿ ಮೀರಿ, ಮತ್ತೆ ಬೀಳುತ್ತ ಇಡೀ ರಾತ್ರಿ ಕಳೆಯುತ್ತದೆ. ‘ಐಡಲ್-ಟೈಮೌಟ್ ಫಾರೆವರ್’ ಹಾಕಿದರೆ ಐಓಎಸ್‌ನಂತೆಯೇ ಕಾಯುತ್ತದೆ. ಎಕ್ಸ್‌ಚೇಂಜ್‌ನ ಪೀರ್‌ಗಳಿಗೆ ಅರ್ಧ ಗಂಟೆಯ ವಿರಾಮದ ತಾನೇ-ಏಳುವಿಕೆ ನನ್ನ ಆಯ್ಕೆ. ಗ್ರಾಹಕರಿಗೆ ಕೈಯಾರೆ ಎಬ್ಬಿಸುವುದೇ ಸರಿ, ಏಕೆಂದರೆ ಅವರು ಸರಿಪಡಿಸಿದ್ದಾರೆಂದು ನಾವು ಒಮ್ಮೆ ಕೇಳಲೇಬೇಕು.

‘ವಾರ್ನಿಂಗ್-ಓನ್ಲಿ’ ಕಾವಲಲ್ಲ, ಬರೀ ಲಾಗ್. ಬರ್ಡ್‌ನ ‘ಬ್ಲಾಕ್’ ಮತ್ತು ಎಕ್ಸ್‌ಆರ್‌ನ ಹೆಚ್ಚುವರಿ ಮಾರ್ಗ ಬಿಸಾಡುವ ಆಯ್ಕೆ ಇನ್ನೂ ಮೋಸದವು: ಸೆಷನ್ ಎದ್ದಿರುತ್ತದೆ, ಮೊದಲು ಬಂದವರಿಗೆ ಜಾಗ, ನಂತರದವರಿಗಿಲ್ಲ. ಸೋರಿದ ಮಾರ್ಗಗಳು ಮೊದಲು ಬಂದು ಅಸಲಿ ಮಾರ್ಗಗಳು ಹೊರಗುಳಿದರೆ ಯಾವ ಗುರುತೂ ಕೆಂಪಾಗುವುದಿಲ್ಲ, ಗ್ರಾಹಕರ ದೂರುಗಳು ಮಾತ್ರ ಬರುತ್ತವೆ.

ಹೊಸ ಮಿತಿ ಎಷ್ಟಿರಬೇಕು? ಹತ್ತಿಪ್ಪತ್ತು ಮಾರ್ಗ ಕಳುಹಿಸುವವರಿಗೆ ಮೂರು ಪಟ್ಟು ಇಟ್ಟರೂ ಪೂರ್ಣ ಟೇಬಲ್ ಸೋರಿಕೆ ಸಿಕ್ಕಿಬೀಳುತ್ತದೆ. ಸಾವಿರಗಳಲ್ಲಿ ಕಳುಹಿಸುವವರಿಗೆ ಪೀರಿಂಗ್‌ಡಿಬಿಯ ಸಂಖ್ಯೆ, ಅದಿಲ್ಲದಿದ್ದರೆ ಈಗಿನ ಲೆಕ್ಕದ ಮೇಲೆ ಕಾಲು ಭಾಗ. ರೂಟ್ ಸರ್ವರ್‌ಗೆ ಎಕ್ಸ್‌ಚೇಂಜ್‌ನವರನ್ನೇ ಕೇಳಿ. ಒಂದೇ ಸೆಷನ್‌ನಲ್ಲಿ ಎಲ್ಲ ಸದಸ್ಯರ ಮಾರ್ಗಗಳು ಬರುವುದರಿಂದ ಅಲ್ಲಿಗೆ ದೊಡ್ಡ ಸದಸ್ಯರೊಬ್ಬರು ಸೇರಿದ ದಿನ ಲೆಕ್ಕ ನೆಗೆಯುತ್ತದೆ.

ಸೆಷನ್ ಎದ್ದ ಮೇಲೆ ಬಂದ ಸಂಖ್ಯೆ, ದಾಟಿದ ಸಂಖ್ಯೆ, ಮಿತಿ, ಈ ಮೂರನ್ನು ಟಿಕೆಟ್‌ನಲ್ಲಿ ಬರೆಯಿರಿ. ತನಿಖೆಗೆಂದು ಹಾಕಿದ ನಿರಾಕರಣೆಯ ಪಾಲಿಸಿ, ತಾತ್ಕಾಲಿಕ ಮಿತಿ ಹಾಗೂ ‘ಸಾಫ್ಟ್-ರೀಕಾನ್ಫಿಗರೇಶನ್’ ಸಾಲನ್ನು ತೆಗೆದಿದ್ದೀರೇ ನೋಡಿ. ಆಮೇಲೆ ಎಚ್ಚರಿಕೆ ಸಂದೇಶ ಯಾರ ಮೊಬೈಲ್‌ಗೆ ಹೋಗುತ್ತದೆ ಎಂದು ಪರೀಕ್ಷಿಸಿ: ಮಿತಿ ಮುಟ್ಟದೆ ಎಚ್ಚರಿಕೆಯ ಶೇಕಡಾವಾರನ್ನಷ್ಟೇ ಈಗಿನ ಲೆಕ್ಕಕ್ಕಿಂತ ಕೆಳಗಿಳಿಸಿ, ಲಾಗ್ ಸಾಲು ಹುಟ್ಟಿ ಸಿಸ್‌ಲಾಗ್ ದಾಟಿ ಅಲ್ಲಿಗೆ ತಲುಪಿತೇ ಎಂದು ಕಾಯ್ದು ನೋಡಿ, ಮತ್ತೆ ಮೇಲೇರಿಸಿ.